ನೆಂಟರ ಆಟ

ಸೆಪ್ಟೆಂಬರ್ ೪, ಭಾನುವಾರ

ಗನಿಯಾ ನಿನ್ನೆ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಟೀಚರುಗಳ ವ್ಯಾನು ಹತ್ತಿ ಹೈಮಾಕ್ಕೆ ಹೋದಳು. ಮಗು ವಾಂತಿಯಾಗುವವರೆಗೂ ಅತ್ತಿತು. ತೊಳೆದದ್ದು ಯಾರು? ನಾನು. ಈ ಮನೆಯಲ್ಲಿ ಚೆಲ್ಲಿದ್ದನ್ನೆಲ್ಲ ಒರೆಸುವುದಕ್ಕೇ ಜುವೈನಾ ಎಂಬವಳು ಹುಟ್ಟಿರುವುದು.

ತಮ್ಮ ಖಲ್ಫಾನನಿಗೆ ಎಣ್ಣೆ ಬಾವಿಯಲ್ಲಿ ಕೆಲಸ, ಎರಡು ವಾರ ಅಲ್ಲಿ, ಎರಡು ವಾರ ಇಲ್ಲಿ. ಅವನ ಹೆಂಡತಿ ಗನಿಯಾಳನ್ನು ಸರ್ಕಾರ ಹೈಮಾಕ್ಕೆ, ಮರಳುಗಾಡಿನ ನಡುವಿನ ಶಾಲೆಗೆ ಹಾಕಿದೆ. ಗುರುವಾರ ಸಂಜೆ ನಮ್ಮ ಊರು ಇಬ್ರಾಕ್ಕೆ ಬಂದರೆ ಶನಿವಾರ ವಾಪಸು. ಅಲ್ಲಿ ನಾಲ್ಕು ಜನ ಟೀಚರುಗಳು ಒಂದೇ ಕೋಣೆಯಲ್ಲಿ ಮಲಗುತ್ತಾರಂತೆ, ಮಗುವಿಗೆ ಜಾಗವಿಲ್ಲವಂತೆ. ಸ್ವಂತ ಮನೆ ಸಿಕ್ಕಿದ ದಿನವೇ ಕರೆದುಕೊಂಡು ಹೋಗುತ್ತಾಳಂತೆ. ಅಲ್ಲಿಯವರೆಗೆ ಎರಡು ವರ್ಷದ ಅಸೀಲಾ ನನ್ನ ಸೊಂಟದ ಮೇಲೆ. ಮಕ್ಕಳಾಗಲಿಲ್ಲವೆಂದು ಗಂಡ ವಾಪಸು ಕಳಿಸಿದವಳಿಗೆ ತವರಲ್ಲಿ ಬೇರೆ ಏನು ಕೆಲಸವಿದ್ದೀತು?

ಹೋಗುವ ಮೊದಲು ನನಗೆ ಪಾಠ ಬೇರೆ. ಹರಿವಾಣದಲ್ಲಿ ಅಕ್ಕಿ ಸುರಿದು ಮಗುವನ್ನು ಆಡಲು ಬಿಡಬೇಕಂತೆ. ಹಿಟ್ಟಿನಲ್ಲಿ ಕೈ ಅದ್ದಿಸಬೇಕಂತೆ, ಐಸ್ ಗಡ್ಡೆ ಹಿಡಿಸಬೇಕಂತೆ. ಮುಟ್ಟಿ, ಮೂಸಿ, ಸುಳ್ಳುಸುಳ್ಳೇ ಅಡುಗೆ ಮಾಡಿ ಆಡಿದರೆ ಮಕ್ಕಳ ಬುದ್ಧಿ ಬೆಳೆಯುತ್ತದಂತೆ, ಯಾವುದೋ ತರಬೇತಿಯಲ್ಲಿ ಹೇಳಿಕೊಟ್ಟರಂತೆ. ನಮ್ಮ ಮನೆಯಲ್ಲಿ ಅಕ್ಕಿ ಊಟಕ್ಕೆ ಇಟ್ಟಿರುವುದು ಎಂದೆ. ಅಪ್ಪ ನಕ್ಕರು. ಡೇರೆಯಲ್ಲಿ ಹುಟ್ಟಿ, ಒಂಟೆ ಹಾಲು ಕುಡಿದು ಬೆಳೆದವಳಿಗೆ ಮಗು ಸಾಕಲು ತರಬೇತಿ ಬೇಕಾಯಿತು.

ಸೆಪ್ಟೆಂಬರ್ ೬, ಮಂಗಳವಾರ

ಬೆಳಗಿನಿಂದ ಒಂದೇ ರಾಗ. ಅಮ್ಮ, ಅಮ್ಮ. ಹಾಲು ಕೊಟ್ಟರೆ ಉಗುಳಿದಳು, ಖರ್ಜೂರ ಕೊಟ್ಟರೆ ಎಸೆದಳು. ಎತ್ತಿಕೊಂಡರೆ ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಕಿರುಚಿದಳು. ನನಗೂ ರೇಗಿತು. ಹರಿವಾಣವನ್ನು ನೆಲಕ್ಕೆ ಕುಕ್ಕಿ, ಅಕ್ಕಿ ಡಬ್ಬಿಯನ್ನೇ ಅದರೊಳಗೆ ಬೋರಲು ಹಾಕಿ, ತಗೋ ಏನಾದ್ರೂ ಮಾಡ್ಕೋ ಎಂದೆ.

ಅಕ್ಕಿ ಬಿದ್ದ ಸದ್ದಿಗೆ ಅಳು ನಿಂತಿತು. ಮೆಲ್ಲಗೆ ಬಂದಳು. ಒಂದು ಬೆರಳಿಟ್ಟಳು. ಆಮೇಲೆ ಇಡೀ ಕೈ. ಆಮೇಲೆ ಮೊಣಕೈವರೆಗೂ ಹೂತು ಸುಮ್ಮನೆ ಕೂತುಬಿಟ್ಟಳು. ಒಂದು ಕಾಫಿ ಬಟ್ಟಲು ಕೊಟ್ಟೆ. ತುಂಬಿದಳು, ಸುರಿದಳು, ಮತ್ತೆ ತುಂಬಿದಳು. ಮಧ್ಯಾಹ್ನದ ಬಾಂಗು ಆಗುವವರೆಗೆ ಅದೇ. ನನ್ನ ಅಂಗೈ ಮೇಲೆ ಒಂದು ಬಟ್ಟಲು ಅಕ್ಕಿ ಸುರಿದು, ನನ್ನ ಮುಖ ನೋಡಿ ನಕ್ಕಳು. ಕೆಳಗೆ ಎರಡು ಹಲ್ಲಿನ ನಡುವೆ ಸಂದಿ ಇದೆ, ನಾನು ಇದುವರೆಗೂ ನೋಡಿರಲಿಲ್ಲ.

ಅಕ್ಕಿಯನ್ನು ಗುಡಿಸಿ ಎತ್ತುವಾಗ ಬೇಸರವೇನೂ ಆಗಲಿಲ್ಲ.

ಸೆಪ್ಟೆಂಬರ್ ೯, ಶುಕ್ರವಾರ

ನಿನ್ನೆ ಸಂಜೆ ವ್ಯಾನಿನ ಸದ್ದು ಕೇಳಿದ್ದೇ ತಡ, ಅಸೀಲಾ ನನ್ನ ತೊಡೆಯಿಂದ ಜಾರಿ ಓಡಿದಳು. ನಾನು ತಿನ್ನಿಸುತ್ತಿದ್ದ ತುತ್ತು ನನ್ನ ಬೆರಳಲ್ಲೇ ಉಳಿಯಿತು. ಆಮೇಲಿಂದ ನಾನು ಯಾರೋ, ಅವಳು ಯಾರೋ. ಕರೆದರೆ ತಿರುಗಿಯೂ ನೋಡಲಿಲ್ಲ. ವಾರವಿಡೀ ಮೂಗು ಒರೆಸಿದವಳಿಗೆ ಇಷ್ಟೇ ಬೆಲೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಅಕ್ಕಿ ಆಡಿದ್ಲಾ ಅತ್ತಿಗೆ, ಎಂದು ಗನಿಯಾ ಕೇಳಿದಳು. ಇಲ್ಲ ಎಂದೆ. ಯಾಕೆ ಹಾಗೆಂದೆನೋ. ಅದು ನನ್ನದು, ಅವಳಿಗೇಕೆ ಹೇಳಬೇಕು?

ಸೆಪ್ಟೆಂಬರ್ ೨೦, ಮಂಗಳವಾರ

ತರಬೇತಿಯವರಿಗೆ ನಾನೇ ಪಾಠ ಹೇಳಬಲ್ಲೆ ಈಗ. ಇವತ್ತು ವಾಸನೆಯ ಆಟ ಕಟ್ಟಿದೆ. ಬಟ್ಟಲುಗಳಲ್ಲಿ ಏಲಕ್ಕಿ, ಲವಂಗ, ಒಣ ನಿಂಬೆಕಾಯಿ, ಗುಲಾಬಿ ನೀರಲ್ಲಿ ಅದ್ದಿದ ಹತ್ತಿ. ಮೇಲೆ ಬಟ್ಟೆ ಮುಚ್ಚಿ ಮೂಸಿಸಿದೆ. ಒಣ ನಿಂಬೆಗೆ ಮುಖ ಕಿವುಚಿ ಸೀನಿದಳು, ಮತ್ತೆ ಅದನ್ನೇ ಬೇಡಿದಳು. ನಿನ್ನೆ ತೋಟದ ಕಾಲುವೆಗೆ ಕರೆದುಕೊಂಡು ಹೋಗಿ ಪಾದ ಇಳಿಬಿಡಿಸಿದೆ. ಮೀನಿನ ಮರಿಗಳು ಬೆರಳು ಕಚ್ಚಿದಾಗ ನನ್ನ ಕುತ್ತಿಗೆ ತಬ್ಬಿಕೊಂಡಳು. ಅಮ್ಮನನ್ನು ಕೂಗಲಿಲ್ಲ. ಅತ್ತೆ ಎಂದಳು, ಸ್ಪಷ್ಟವಾಗಿ.

ಗನಿಯಾ ದಿನಾ ಸಂಜೆ ಫೋನು ಮಾಡುತ್ತಾಳೆ. ಒಂದು ದಿನ, ಅಳುವುದರಲ್ಲೇ ದಿನ ಹೋಯಿತು ಎಂದು ಹೇಳಿ ನೋಡಿದೆ. ಇನ್ನೊಂದು ದಿನ, ನಿನ್ನ ಹೆಸರನ್ನೇ ಎತ್ತಲಿಲ್ಲ ಎಂದು ಹೇಳಿ ನೋಡಿದೆ. ಮೊದಲನೆಯದಕ್ಕೆ ಅತ್ತಳು. ಎರಡನೆಯದಕ್ಕೆ ಅಳಲೂ ಇಲ್ಲ, ಸುಮ್ಮನಾದಳು. ಎರಡನೆಯದೇ ಹೆಚ್ಚು ನಾಟುತ್ತದೆ.

ಸೆಪ್ಟೆಂಬರ್ ೨೭, ಮಂಗಳವಾರ

ಪಕ್ಕದ ಮನೆಯ ನಸ್ರಾ ನಿನ್ನೆ ಬಂದು ಕೂತಿದ್ದಳು. ಎದ್ದು ಹೋಗುವ ಪೈಕಿಯೇ ಅಲ್ಲ. ಹಲ್ವ ಆಯಿತು, ಖರ್ಜೂರ ಆಯಿತು, ಬಟ್ಟಲ ಮೇಲೆ ಬಟ್ಟಲು ಕಾಫಿ ಆಯಿತು. ಕೊನೆಗೆ ಲೋಬಾನದ ಧೂಪದಾನಿ ತಂದು ಅವಳ ಮುಂದೆ ಹಿಡಿದೆ. ಎಂಥ ಹೆಂಗಸಾದರೂ ಧೂಪ ಬಂದ ಮೇಲೆ ಕೂರುವ ಹಾಗಿಲ್ಲವಲ್ಲ. ಮುಸುಕಿಗೆ ಹೊಗೆ ಹಿಡಿಸಿಕೊಂಡು ಎದ್ದಳು, ಚಪ್ಪಲಿ ಮೆಟ್ಟಿದಳು, ಹೋದಳು.

ಅಸೀಲಾ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡಿದ್ದಳು. ಇವತ್ತು ಬೆಳಿಗ್ಗೆ ಗೊಂಬೆಯನ್ನು ಗೋಡೆಗೊರಗಿಸಿ ಕೂರಿಸಿ, ಖಾಲಿ ಬಟ್ಟಲು ಅದರ ಬಾಯಿಗೆ ಹಿಡಿದಳು. ಆಮೇಲೆ ಒಂದು ಡಬ್ಬಿ ಮುಚ್ಚಳವನ್ನು ಅದರ ಗಲ್ಲದ ಕೆಳಗೆ ಆಡಿಸಿ, ಕಾಲು ಹಿಡಿದು ಎಳೆದುಕೊಂಡು ಹೋಗಿ ಹೊಸಿಲಾಚೆ ಹಾಕಿ ಬಂದಳು. ನಾನು ನಕ್ಕು ನಕ್ಕು ಸುಸ್ತಾದೆ. ಅಪ್ಪನನ್ನು ಕರೆದು ತೋರಿಸಿದೆ. ಅವರೂ ಕಣ್ಣೊರೆಸಿಕೊಂಡು ನಕ್ಕರು.

ಮಧ್ಯಾಹ್ನ ಕೂತು ಸಾಮಾನು ಜೋಡಿಸಿಕೊಟ್ಟೆ. ಹಳೆಯ ಸಣ್ಣ ಕಾಫಿ ಹೂಜಿ, ಹಿಡಿ ಮುರಿದದ್ದು. ಮೂರು ಬಟ್ಟಲು. ಮಣ್ಣಿನ ಪುಟ್ಟ ಧೂಪದಾನಿ, ಒಳಗೆ ಕೆಂಡಕ್ಕೆ ಬದಲು ಕೆಂಪು ಬಟ್ಟೆಯ ಉಂಡೆ, ಅದರಲ್ಲಿ ಎರಡು ಹರಳು ಲೋಬಾನ ಕಟ್ಟಿ ಹೊಲಿದೆ. ಬೆಂಕಿಯಿಲ್ಲದೆಯೇ ಘಮ ಬರುತ್ತದೆ. ಕಾಫಿ ಸಾಕಾದರೆ ಬಟ್ಟಲು ಅಲುಗಿಸುವುದನ್ನು ಕಲಿಸಿದೆ. ಸಂಜೆಯೊಳಗೆ ಕಲಿತಳು.

ಅಕ್ಟೋಬರ್ ೧, ಶನಿವಾರ

ನಿನ್ನೆ ಎಲ್ಲರೂ ಊಟ ಮಾಡಿ ಕೂತಿದ್ದಾಗ ಅಸೀಲಾ ಗನಿಯಾಳ ಕೈ ಹಿಡಿದು ಎಳೆದು ಚಾಪೆಯ ಮೇಲೆ ಕೂರಿಸಿದಳು. ಕಾಫಿ ಬಗ್ಗಿಸಿದಳು, ಖರ್ಜೂರ ಕೊಟ್ಟಳು. ಗನಿಯಾಳ ಮುಖ ಅರಳಿತು. ತನ್ನ ತರಬೇತಿ ಫಲ ಕೊಟ್ಟಿತು ಎಂದುಕೊಂಡಳೇನೋ. ಆಮೇಲೆ ಮಗು ಧೂಪದಾನಿ ತಂದು ಅವಳ ಮುಸುಕಿನ ಕೆಳಗೆ ಹಿಡಿಯಿತು. ಓಡಿಹೋಗಿ ಅವಳ ಚಪ್ಪಲಿಯನ್ನೂ ತಂದಿಟ್ಟಿತು.

ಖಲ್ಫಾನ್ ಬಿದ್ದು ಬಿದ್ದು ನಕ್ಕ. ನಿನಗೆ ಟೈಮಾಯ್ತು ಕಣೇ, ಎದ್ದೇಳು ಎಂದ. ಗನಿಯಾಳೂ ನಕ್ಕಳು. ಎದ್ದು, ಚಪ್ಪಲಿ ಹಾಕಿ, ಬಾಗಿಲವರೆಗೆ ಹೋಗಿ, ಇನ್ನು ಬರ್ತೀನಿ ಎಂದಳು. ಅಸೀಲಾ ಬಾಗಿಲು ತಳ್ಳಿ ಚಪ್ಪಾಳೆ ತಟ್ಟಿದಳು. ಗನಿಯಾ ಹೊರಗಿನಿಂದ ಬಾಗಿಲು ಬಡಿದಾಗ ನಗುತ್ತಿರಲಿಲ್ಲ. ತೆಗೆದದ್ದು ನಾನೇ, ಹಾಗಾಗಿ ನೋಡಿದೆ.

ಇವತ್ತು ಅವಳು ಹೋಗುವಾಗ ಮಗು ಅಳಲಿಲ್ಲ. ಕೈ ಬೀಸಿತು. ಆಟ ಒಳ್ಳೆಯದೇ ಅಲ್ಲವೇ, ಅಳು ತಪ್ಪಿತು.

ಅಕ್ಟೋಬರ್ ೧೧, ಮಂಗಳವಾರ

ಗನಿಯಾಳ ಮುಖ ಫೋನಿನಲ್ಲಿ ಮಾತಾಡುತ್ತಿತ್ತು. ಅಸೀಲಾ ಕೇಳಿಸಿಕೊಂಡಷ್ಟು ಕೇಳಿಸಿಕೊಂಡು, ಧೂಪದಾನಿ ತಂದು ಫೋನಿನ ಕೆಳಗೆ ಹಿಡಿದಳು. ಗನಿಯಾ ಮುಖ ಆಚೆ ತಿರುಗಿಸಿಕೊಂಡಳು. ಫೋನು ಇಟ್ಟಳು.

ಇದನ್ನು ನಾನು ಕಲಿಸಿರಲಿಲ್ಲ. ದೇವರಾಣೆ. ಬೆಲ್ಲದಂಥ ಖರ್ಜೂರ ಆರಿಸಿ ತಿನ್ನಿಸಿದೆ.

ಅಕ್ಟೋಬರ್ ೨೧, ಶುಕ್ರವಾರ

ಮನೆ ಸಿಕ್ಕಿತಂತೆ. ಎರಡು ಕೋಣೆ, ಅಂಗಳ, ಪಕ್ಕದಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಮುದುಕಿ. ಡಿಸೆಂಬರಿನಲ್ಲಿ ಅಸೀಲಾಳನ್ನು ಕರೆದುಕೊಂಡು ಹೋಗುತ್ತಾಳಂತೆ. ಊಟಕ್ಕೆ ಕೂತಾಗ ಹೇಳಿದಳು, ಉಪ್ಪು ಕೇಳಿದ ಹಾಗೆ. ನಾನು ಕೈಯ ತುತ್ತನ್ನು ತಟ್ಟೆಗೇ ಹಾಕಿದೆ.

ಅಲ್ಲಿ ಬರೀ ಮರಳು, ಮಗುವಿಗೆ ಏನಿದೆ ಎಂದೆ. ತಾಯಿ ಇದ್ದಾಳಲ್ಲ ಅತ್ತಿಗೆ ಎಂದಳು. ಖಲ್ಫಾನನ ಮುಖ ನೋಡಿದೆ. ಅವನು ಮೀನಿನ ಮುಳ್ಳು ತೆಗೆಯುತ್ತಿದ್ದ. ಕೊನೆಗೆ ಯಾರು ಮಾತಾಡುತ್ತಾರೋ ಅವರ ಕಡೆ ವಾಲುವ ಗಂಡಸು ಅವನು. ಹಾಗಾದರೆ ಕೊನೆಗೆ ಮಾತಾಡುವವಳು ನಾನಾಗಿರಬೇಕು.

ಕೊಡುವುದಿಲ್ಲ. ಒಮ್ಮೆ ಮಡಿಲು ಖಾಲಿ ಎಂದು ಹೊರಗೆ ಹಾಕಿಸಿಕೊಂಡಿದ್ದು ಸಾಕು. ತುಂಬಿದ ಮೇಲೆ ಕಿತ್ತುಕೊಳ್ಳಲು ಇವಳ್ಯಾರು?

ಅಕ್ಟೋಬರ್ ೨೫, ಮಂಗಳವಾರ

ಆಟವನ್ನು ಸರಿಯಾಗಿ ಆಡಿಸುತ್ತಿದ್ದೇನೆ, ನಿಯಮದ ಪ್ರಕಾರ. ಯಾವ ಆಟಕ್ಕಾದರೂ ನಿಯಮ ಬೇಡವೇ? ನೆಂಟರು ಮಗುವಿನ ತಲೆ ಬಾಚುವುದಿಲ್ಲ. ನೆಂಟರು ಸ್ನಾನ ಮಾಡಿಸುವುದಿಲ್ಲ. ನೆಂಟರು ಹಾಸಿಗೆಯಲ್ಲಿ ಮಲಗುವುದಿಲ್ಲ. ಧೂಪ ಬಂದ ಮೇಲೆ ಹೋಗಲೇಬೇಕು, ಹೋಗದಿದ್ದರೆ ನೆಂಟರು ಕೆಟ್ಟವರು.

ಗೊಂಬೆಗೆ ಗನಿಯಾಳ ಹಳೆಯ ಮುಸುಕಿನ ತುಂಡು ಹೊದಿಸಿದ್ದೇನೆ. ಯಾರಿದು, ಎನ್ನುತ್ತೇನೆ. ಅಮ್ಮ ಎಂದರೆ ಅಕ್ಕಿಯ ಹರಿವಾಣವನ್ನು ಎತ್ತಿ ಅಟ್ಟದ ಮೇಲಿಡುತ್ತೇನೆ. ಅಳುತ್ತಾಳೆ. ಅಳಲಿ ಎಂದು ಸುಮ್ಮನೆ ಕೂರುತ್ತೇನೆ, ಮಾತೂ ಆಡುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ನೆಂಟ್ರು ಎಂದರೆ ಹರಿವಾಣ ಕೆಳಗೆ ಬರುತ್ತದೆ, ನಾನು ಮುದ್ದಿಸುತ್ತೇನೆ. ಮೊದಲ ದಿನ ತುಂಬ ಹೊತ್ತು ಹಿಡಿಯಿತು. ಇವತ್ತು ಕೇಳಿದ ಕೂಡಲೇ ಹೇಳಿದಳು, ನನ್ನ ಕೈಯನ್ನೇ ನೋಡುತ್ತ. ಜಾಣ ಮಗು.

ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಅಮ್ಮ ನನಗೆ ಕೊಟ್ಟ ಏಟು ನೆನೆದರೆ ಇದು ಏನೂ ಅಲ್ಲ.

ನವೆಂಬರ್ ೫, ಶನಿವಾರ

ನಿನ್ನೆ ಗನಿಯಾ ಹಟ ಹಿಡಿದಳು. ಅಸೀಲಾ ಕಾಫಿ ಕೊಟ್ಟಳು, ಗನಿಯಾ ಕುಡಿದ ಹಾಗೆ ಮಾಡಿದಳು. ಮಗು ಧೂಪದಾನಿ ತಂದಿತು. ಗನಿಯಾ ಏಳಲಿಲ್ಲ. ಅಮ್ಮ ಎಲ್ಲೂ ಹೋಗಲ್ಲ ಕಂದಾ, ಅಮ್ಮ ಇಲ್ಲೇ ಇರ್ತಾಳೆ ಎಂದು ಮಗುವನ್ನು ತೊಡೆಗೆಳೆದುಕೊಂಡಳು.

ಅಸೀಲಾ ಧೂಪದಾನಿಯನ್ನು ಮತ್ತೆ ಅವಳ ಮೂಗಿನ ಬಳಿ ಹಿಡಿದಳು. ಮತ್ತೂ ಏಳಲಿಲ್ಲ. ಮಗು ಚಪ್ಪಲಿ ತಂದು ಅವಳ ತೊಡೆಯ ಮೇಲಿಟ್ಟಿತು. ಆಮೇಲೆ ಶುರುವಾಯಿತು ನೋಡಿ, ಕಿರುಚಾಟ. ನೆಲಕ್ಕೆ ಬಿದ್ದು ಹೊರಳಿ, ತಲೆಯನ್ನು ಗೋಡೆಗೆ ಬಡಿದುಕೊಂಡು, ಉಸಿರು ಸಿಕ್ಕಿ ನೀಲಿಗಟ್ಟುವವರೆಗೆ. ಗನಿಯಾ ತಬ್ಬಿಕೊಳ್ಳಲು ಹೋದರೆ ಕೈ ಕಚ್ಚಿತು.

ನಾನು ಮೆಲ್ಲಗೆ ಹೇಳಿದೆ, ಹೋಗಿ ಬಾ ಗನಿಯಾ, ಎರಡು ನಿಮಿಷ ಹೊರಗೆ ನಿಲ್ಲು, ತಾನಾಗೇ ಸುಮ್ಮನಾಗುತ್ತೆ. ಬೇರೆ ದಾರಿ ಇರಲಿಲ್ಲ. ಎದ್ದು ಹೋದಳು. ಬಾಗಿಲು ಮುಚ್ಚಿದ್ದೇ ತಡ, ಅಸೀಲಾ ಬಿಕ್ಕುತ್ತ ಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. ಅವಳ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ನಾನು ಚಿಲಕ ಹಾಕಿದೆ, ಗಾಳಿಗೆ ಬಾಗಿಲು ಬಡಿದರೆ ಮಗು ಬೆಚ್ಚುತ್ತದೆಂದು.

ಆಮೇಲೆ ಅಡುಗೆ ಒಲೆಯ ಮೇಲಿತ್ತು, ಚಿಲಕ ತೆಗೆಯುವುದು ಮರೆತೆ. ಅಪ್ಪ ಮಸೀದಿಯಿಂದ ಬಂದಾಗ ಅವಳು ಅಂಗಳದ ಬಿಸಿಲಲ್ಲಿ, ಗೋಡೆಯ ಪಕ್ಕ ಬರಿಗಾಲಲ್ಲಿ ನಿಂತಿದ್ದಳು. ಯಾಕಮ್ಮಾ ಇಲ್ಲಿ, ಎಂದು ಕೇಳಿದರು. ಆಟ ಆಡ್ತಿದ್ವಿ ಮಾವ ಎಂದಳು.

ಖಲ್ಫಾನ್ ಮಲಗಿ ಎದ್ದು ಬಂದು, ಮಗುವಿನ ಹಣೆಯ ಬುಗುಟು ನೋಡಿ, ಈ ವರ್ಷ ಇಲ್ಲೇ ಇರಲಿ ಬಿಡು, ಅತ್ತೆಗೆ ಹೊಂದ್ಕೊಂಡಿದೆ, ಕಿತ್ಕೊಂಡು ಹೋಗಬೇಡ ಎಂದ. ನಾನು ಅವನಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದ ಮಾತು ಅದು, ಅಕ್ಷರ ಬಿಡದೆ ಒಪ್ಪಿಸಿದ. ಗನಿಯಾ ಮಗು ಕಚ್ಚಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತಿದ್ದಳು. ಇವತ್ತು ಬೆಳಿಗ್ಗೆಯೇ ಹೊರಟುಹೋದಳು, ವ್ಯಾನಿಗೂ ಕಾಯದೆ.

ಗೆದ್ದೆ ಎನಿಸಿತು. ಮಗುವಿನ ಒಳ್ಳೆಯದಕ್ಕೇ ಅಲ್ಲವೇ.

ನವೆಂಬರ್ ೧೫, ಮಂಗಳವಾರ

ಈ ವಾರಾಂತ್ಯ ಗನಿಯಾ ಬರಲೇ ಇಲ್ಲ. ತನ್ನ ತವರಿಗೆ, ಮರಳುಗಾಡಿಗೆ ಹೋಗಿದ್ದಳಂತೆ. ಹೋಗಲಿ.

ಅಸೀಲಾಗೆ ಸ್ವಲ್ಪ ಹಟ ಹೆಚ್ಚಾಗಿದೆ. ಹೂಜಿ ಕೊಟ್ಟರೆ ತಳ್ಳುತ್ತಾಳೆ, ಬೇಡ ಎನ್ನುತ್ತಾಳೆ, ಅಕ್ಕಿ ಬೇಕು ಎನ್ನುತ್ತಾಳೆ. ಮೊದಲು ನೆಂಟರಿಗೆ ಕಾಫಿ, ಆಮೇಲೆ ಅಕ್ಕಿ ಎಂದು ಹೇಳುತ್ತೇನೆ. ಕೊಡುತ್ತಾಳೆ, ಆದರೆ ಕೊಟ್ಟಾದ ಮೇಲೆ ಗೊಂಬೆಯ ಮುಖಕ್ಕೆ ಬಟ್ಟಲಿನಿಂದ ಹೊಡೆಯುತ್ತಾಳೆ. ಬಟ್ಟೆಯಲ್ಲಿ ಉಚ್ಚೆ ಮಾಡಿಕೊಳ್ಳುವುದೂ ಮತ್ತೆ ಶುರುವಾಗಿದೆ. ನಾನು ಕೋಣೆಯಿಂದ ಕೋಣೆಗೆ ಹೋದರೂ ಲಂಗದ ತುದಿ ಹಿಡಿದು ಬರುತ್ತಾಳೆ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕೂತು, ನನ್ನ ಚಪ್ಪಲಿಗಳನ್ನು ತಬ್ಬಿಕೊಂಡಿರುತ್ತಾಳೆ.

ನಸ್ರಾ ನೋಡಿ, ಮಗು ಯಾಕೋ ಬಾಡಿದೆ ಕಣೇ ಎಂದಳು. ಪರರ ಮನೆ ಮಗು ನೋಡಿ ಕಣ್ಣು ಹಾಕುವುದು ಅವಳಿಗೆ ಅಭ್ಯಾಸ. ಅವಳು ಹೋದ ಮೇಲೆ ದೃಷ್ಟಿ ತೆಗೆದೆ. ನನಗಂತೂ ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಇಷ್ಟು ಹಚ್ಚಿಕೊಂಡಿರಲಿಲ್ಲ.

ನವೆಂಬರ್ ೨೫, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶುಕ್ರವಾರದ ನಮಾಜು ಮುಗಿಸಿ ಅಪ್ಪನ ಗೆಳೆಯರು ನಾಲ್ಕೈದು ಮಂದಿ ನೆಂಟರ ಕೋಣೆಯಲ್ಲಿ ಬಂದು ಕೂತಿದ್ದರು, ಎಂದಿನಂತೆ. ಪಾಳಿ ಬದಲಾಗಿ ಖಲ್ಫಾನ್ ಎಣ್ಣೆ ಬಾವಿಗೆ ಹೋಗಿದ್ದಾನೆ. ಅಂಗಳದಲ್ಲಿ ಒಂದು ಎತ್ತರದ ಗಾಡಿ ಬಂದು ನಿಂತಿತು. ಇಳಿದದ್ದು ಗನಿಯಾ, ಜೊತೆಗೆ ಅವಳ ಅಪ್ಪ, ಮುದುಕ ಮುಸಲ್ಲಮ್. ಹೆಂಗಸರ ಕಡೆಯ ಬಾಗಿಲಿಗೆ ಬರುತ್ತಾಳೆಂದು ನಾನು ಕಾದೆ. ಬರಲಿಲ್ಲ. ನೇರ ನೆಂಟರ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಲ್ಲರಿಗೂ ಸಲಾಮು ಹೇಳಿ, ಅಪ್ಪನ ಎದುರಿಗೆ ಕೂತಳು.

ಗಂಡಸರ ನಡುವೆ ಬಂದು ಕೂತಳಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಇರಲಿ, ಎಲ್ಲರ ಮುಂದೆಯೇ ಆಗಲಿ ಎಂದುಕೊಂಡೆ. ಮಗುವಿನ ದೃಷ್ಟಿಯಲ್ಲಿ ಇವಳು ಯಾರೆಂದು ಹಿರಿಯರೇ ಕಣ್ಣಾರೆ ನೋಡಲಿ. ಆಟದ ಬಟ್ಟಲಲ್ಲ, ನಿಜವಾದ ಬಟ್ಟಲಿಗೆ ನಿಜವಾದ ಕಾಫಿ ಅರ್ಧ ಬಗ್ಗಿಸಿ ಅಸೀಲಾಳ ಕೈಗೆ ಕೊಟ್ಟೆ. ಬಾಗಿಲಲ್ಲಿ ನಿಂತು, ಯಾರು ಬಂದ್ರು ಹೇಳು ಪುಟ್ಟಾ ಎಂದೆ.

"ನೆಂಟ್ರು ಬಂದ್ರು" ಎಂದಿತು ಮಗು, ಎಲ್ಲರಿಗೂ ಕೇಳುವ ಹಾಗೆ.

ಮುದುಕರು ನಕ್ಕರು. ಅಸೀಲಾ ಕಾಫಿ ಚೆಲ್ಲುತ್ತ ಹೋಗಿ ಬಟ್ಟಲನ್ನು ಗನಿಯಾಳ ಮುಂದೆ ಹಿಡಿದಳು. ಗನಿಯಾ ಎರಡೂ ಕೈಯಿಂದ ತೆಗೆದುಕೊಂಡಳು. ಬಾಯಿಗೆ ಒಯ್ಯಲಿಲ್ಲ. ತನ್ನ ಮುಂದೆ ನೆಲದ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆದಳು.

ನಗು ಅಲ್ಲಿಗೇ ನಿಂತಿತು. ನೆಂಟರು ಕಾಫಿಯನ್ನು ಮುಟ್ಟದೆ ನೆಲಕ್ಕಿಟ್ಟರೆ ಕೇಳುವುದು ಏನೋ ಇದೆ ಎಂದರ್ಥ. ಮನೆಯ ಯಜಮಾನ ಕೊಟ್ಟೆ ಎನ್ನುವವರೆಗೆ ಆ ಬಟ್ಟಲು ಅಲ್ಲೇ ಇರಬೇಕು. ಕುಡಿಯದೆ ಎದ್ದು ಹೋದರೆ ಆ ಮನೆಗೆ ಆಮೇಲೆ ಮಾನವಂತರು ಯಾರೂ ಕಾಲಿಡುವುದಿಲ್ಲ. ಮರಳುಗಾಡಿನವರು ಇದಕ್ಕೆ ಪ್ರಾಣ ಕೊಡುತ್ತಾರೆ. ನಾವು ಊರಿನವರು ಮರೆತಿದ್ದೇವೆ ಎಂದುಕೊಂಡಿದ್ದೆ. ಒಬ್ಬ ಮುದುಕನೂ ಮರೆತಿರಲಿಲ್ಲ, ಎಲ್ಲರೂ ತಮ್ಮ ತಮ್ಮ ಬಟ್ಟಲನ್ನು ಕೆಳಗಿಟ್ಟರು.

"ಕುಡಿ" ಎಂದಳು ಅಸೀಲಾ. ಬಟ್ಟಲನ್ನು ತಾಯಿಯ ಕಡೆ ತಳ್ಳಿದಳು. "ಕುಡಿ, ಕುಡಿ."

ಅಪ್ಪ ಮುಸಲ್ಲಮನ ಕಡೆ ತಿರುಗಿ, ಏನು ವಿಷಯ ಬೀಗರೇ ಎಂದು ಕೇಳಿದರು. ಆ ಮುದುಕ ಗಡ್ಡ ನೀವಿಕೊಂಡು ಹೇಳಿದ, "ನಾನು ಬರೀ ಗಾಡಿ ಓಡಿಸ್ಕೊಂಡು ಬಂದವನು. ಈ ಮನೆಗೆ ನೆಂಟರು ಅಂದ್ರೆ ಇವಳು. ನೀವೇ ಹೇಳಿದ್ರಲ್ಲ."

ಅಪ್ಪ ಬಟ್ಟಲನ್ನು ನೋಡಿದರು. ಹೊರಗಿನ ಗಂಡಸರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು.

"ಕುಡಿಯಮ್ಮಾ" ಎಂದರು. "ನನ್ನ ಕೈಲಾಗೋದು ಏನಿದ್ರೂ ಕೊಟ್ಟೆ."

ಗನಿಯಾ ಕುಡಿದಳು. ಬಟ್ಟಲು ಅಲುಗಿಸಿ ಅಸೀಲಾಳ ಕೈಗೆ ಕೊಟ್ಟಳು. ಆಮೇಲೆ, ಧ್ವನಿ ಏರಿಸದೆ, ನನ್ನ ಮಗಳನ್ನ ಕೇಳೋಕೆ ಬಂದಿದೀನಿ ಮಾವ, ಇವತ್ತೇ ಕರ್ಕೊಂಡು ಹೋಗ್ತೀನಿ ಎಂದಳು.

ನಾನು ಬಾಗಿಲಿನಿಂದಲೇ ಕೂಗಿದೆ. ಗಂಡಸರಿದ್ದಾರೆ ಎಂಬುದೂ ನೆನಪಿರಲಿಲ್ಲ. ಖಲ್ಫಾನ್ ಬರಲಿ ಎಂದೆ. ಇದು ಮೋಸ ಎಂದೆ. ಇವಳು ಮನೆಯ ಸೊಸೆ, ಸೊಸೆಗೆ ಯಾವ ನೆಂಟರ ಮರ್ಯಾದೆ ಎಂದೆ.

ಅಪ್ಪ ನನ್ನ ಕಡೆ ನೋಡಲಿಲ್ಲ.

"ಸೊಸೆಯಾಗಿದ್ರೆ ಇಲ್ಲ ಅಂತಿದ್ದೆ ಜುವೈನಾ. ಸೊಸೆಗೆ ಇಲ್ಲ ಅನ್ನಬಹುದು. ನೆಂಟ್ರು ಅಂತ ಈಗ ಎಲ್ಲರ ಮುಂದೆ ಹೇಳಿಸಿದವಳು ನೀನು."

ಮಗುವಿನ ಬಟ್ಟೆ ಗಂಟು ನಾನು ಕಟ್ಟಲಿಲ್ಲ, ಗನಿಯಾಳೇ ಒಳಗೆ ಬಂದು ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡಳು. ನನ್ನ ಪಕ್ಕದಲ್ಲೇ ಹಾದು ಹೋದಳು. ನಾನು ಅಸೀಲಾಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಅಪ್ಪನೇ ಬಂದು ನನ್ನ ಬೆರಳುಗಳನ್ನು ಬಿಡಿಸಿದರು. ಮಗು ಕಿರುಚುತ್ತದೆ, ತಲೆ ಬಡಿದುಕೊಳ್ಳುತ್ತದೆ, ಆಗ ಎಲ್ಲರಿಗೂ ಬುದ್ಧಿ ಬರುತ್ತದೆ ಎಂದು ಕಾದೆ. ಎತ್ತರದ ಗಾಡಿ ಕಂಡು ಅದು ಕೇಕೆ ಹಾಕಿತು. ಮುದುಕ ಎತ್ತಿ ಕೂರಿಸಿ ಹಾರ್ನ್ ಒತ್ತಿಸಿದ. ಎರಡು ಸಲ ಒತ್ತಿತು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನನ್ನ ಕಡೆ ತಿರುಗಲಿಲ್ಲ.

ಎರಡು ವರ್ಷದ್ದಕ್ಕೆ ಎಂಥ ಕಲ್ಲು ಮನಸ್ಸು. ತಾಯಿಯ ರಕ್ತ.

ನವೆಂಬರ್ ೨೭, ಭಾನುವಾರ

ಮಧ್ಯಾಹ್ನ ಗನಿಯಾಳ ಫೋನು. ಎತ್ತಬಾರದೆಂದುಕೊಂಡಿದ್ದೆ, ಎತ್ತಿದೆ. ಹಿಂದುಗಡೆ ಮಗುವಿನ ಅಳು, ಅದೂ ಒಡೆದ ಧ್ವನಿಯಲ್ಲಿ, ನಡುನಡುವೆ ಬಿಕ್ಕಳಿಕೆ.

"ಅತ್ತಿಗೆ, ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ. ಎರಡು ದಿನದಿಂದ ನಿದ್ದೇನೇ ಮಾಡಿಲ್ಲ ಇವಳು. ಮೈ ಸುಡ್ತಿದೆ. ನೀವು ಹೇಗೆ ಮಲಗಿಸ್ತಿದ್ರಿ? ಅದೊಂದು ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ."

ಹೇಗೆ ಮಲಗಿಸುತ್ತಿದ್ದೆ ಎಂದು ನನಗೆ ಗೊತ್ತಿಲ್ಲವೇ? ಬಿಸಿಲಲ್ಲಿಟ್ಟು ಬೆಚ್ಚಗಾದ ಅಕ್ಕಿಯನ್ನು ನನ್ನ ಹಳೆಯ ತಲೆವಸ್ತ್ರದಲ್ಲಿ ಗಂಟು ಕಟ್ಟಿ 'ಬೆಕ್ಕಿನ ಮರಿ' ಎಂದು ಅವಳ ಹೊಟ್ಟೆಯ ಮೇಲಿಡಬೇಕು. ಅದರ ಮೇಲೆ ಅವಳ ಎರಡೂ ಕೈ ಇಡಬೇಕು. ಎಡಗಿವಿಯ ಹಿಂದೆ ಮೆಲ್ಲಗೆ ಊದುತ್ತ, ಮರಿ ಮಲಗಿತು, ಮರಿ ಮಲಗಿತು ಎನ್ನಬೇಕು. ಮರಿ ಮಲಗಿದರೆ ಇವಳೂ ಮಲಗುತ್ತಾಳೆ. ಇಷ್ಟೇ. ಹೈಮಾದಲ್ಲೂ ಅಕ್ಕಿ ಸಿಗುತ್ತದೆ, ಬಿಸಿಲಿಗಂತೂ ಕಡಿಮೆಯಿಲ್ಲ.

ಅಷ್ಟರಲ್ಲಿ ಫೋನಿನೊಳಗಿಂದ ಅಸೀಲಾಳ ಕೂಗು ಕೇಳಿಸಿತು. ಅತ್ತೆ, ಎಂದಿತು. ಮತ್ತೆ, ಅತ್ತೆ.

"ಏನೂ ಮಾಡ್ತಿರಲಿಲ್ಲ" ಎಂದೆ. "ನನ್ನ ಹತ್ರ ಹಾಗೇ ಮಲಗ್ತಿದ್ಲು. ಹೆತ್ತ ತಾಯಿ ಹತ್ರ ಯಾಕೆ ಮಲಗ್ತಿಲ್ವೋ ನಂಗೇನು ಗೊತ್ತು?"

ಗನಿಯಾ ಫೋನು ಇಡುವುದನ್ನೂ ಮರೆತಳೇನೋ. ನಾನೂ ಇಡಲಿಲ್ಲ. ಚಾರ್ಜು ಮುಗಿದು ಅದೇ ನಿಲ್ಲುವವರೆಗೆ ಕಿವಿಗಿಟ್ಟುಕೊಂಡು ಮಗು ಅಳುವುದನ್ನು ಕೇಳುತ್ತ ಕೂತಿದ್ದೆ.

ಆಮೇಲೆ ಊಟ ಮಾಡಿದೆ. ಎರಡು ದಿನದಿಂದ ಏನೂ ಸೇರಿರಲಿಲ್ಲ, ಇವತ್ತು ಚೆನ್ನಾಗಿ ಸೇರಿತು.